ಕಾರ್ಮೆನ್ ಒಪೆರಾದಲ್ಲಿ ಮಾತು ಇರಬೇಕಾ, ಬರೀ ಹಾಡಾ?

ಪಟ್ಟಣದ ಹುಡುಗಿ (ಚನ್ನರಾಯಪಟ್ಟಣ):
ಎಲ್ಲರಿಗೂ ನಮಸ್ಕಾರ. ಯೂಟ್ಯೂಬಲ್ಲಿ ಬಿಜೆ ಅನ್ನೋ ಫ್ರೆಂಚ್ ಸಂಗೀತಗಾರರ ‘ಕಾರ್ಮೆನ್’ ಒಪೆರಾ, ಅಂದ್ರೆ ಹಾಡಿನಲ್ಲೇ ನಡೆಯೋ ನಾಟಕ, ನೋಡ್ತಾ ಇದ್ದೆ. ಒಂದು ರೆಕಾರ್ಡಿಂಗಲ್ಲಿ ಹಾಡುಗಳ ನಡುವೆ ಸಾದಾ ಮಾತಿದೆ. ಇನ್ನೊಂದರಲ್ಲಿ ಅದನ್ನೂ ಹಾಡಿಯೇ ಹೇಳುತ್ತಾರೆ. ಯಾವುದು ಸರಿ? ನಮ್ಮೂರ ಹಬ್ಬಕ್ಕೆ ಆಡುವ ‘ಕುರುಕ್ಷೇತ್ರ’ದಲ್ಲೂ ಪದ್ಯ, ಮಾತು ಎರಡೂ ಇರುತ್ತೆ. ಅದನ್ನೂ ಒಪೆರಾ ಅನ್ನಬಹುದಾ?

ಪೆಟ್ಟಿಗೆ ಮೇಷ್ಟ್ರು (ಅರಸೀಕೆರೆ):
ಎರಡೂ ಸರಿ ಕಣಮ್ಮ. 1875ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಆಡಿದಾಗ ಮಾತೇ ಇತ್ತು. ಮೂರು ತಿಂಗಳಿಗೆ ಬಿಜೆ ತೀರಿಕೊಂಡರು. ಆಮೇಲೆ ವಿಯೆನ್ನಾದ ಪ್ರದರ್ಶನಕ್ಕೆ ಅವರ ಗೆಳೆಯ ಗಿರೋ ಆ ಮಾತುಗಳಿಗೂ ಸ್ವರ ಹಾಕಿದರು. ಬಹಳ ಕಾಲ ಹೆಚ್ಚು ಕಡೆ ನಡೆದದ್ದು ಅದೇ. ನನಗೆ ಮಾತಿರುವುದೇ ಇಷ್ಟ. ಮಾತು ಹಾಡಿಗೆ ಏರುವ ಜಾಗದಲ್ಲಿ ಮೈ ಜುಮ್ಮೆನ್ನುತ್ತೆ.

ಒಪೆರಾದ ಶುರುವಿನಲ್ಲಿ ಹೀಗೆ ನಡುವೆ ಮಾತು ಇರಲಿಲ್ಲ. ಹಳೇ ಗ್ರೀಕರು ನಾಟಕವನ್ನು ಹಾಡುತ್ತಿದ್ದರು ಅಂತ ನಂಬಿ, 1600ರ ಹೊತ್ತಿಗೆ ಫ್ಲಾರೆನ್ಸ್‌ನವರು ಅಂಥದ್ದೇ ಒಂದು ಕಟ್ಟಲು ಹೊರಟರು. ಸಾಹಿತ್ಯ ಮುಂದೆ, ಸ್ವರ ಅದರ ಹಿಂದೆ. 1607ರ ಮಾಂಟೆವೆರ್ಡಿಯ ‘ಓರ್ಫಿಯೋ’ ಕೂಡ ಅರಮನೆಯ ಆಟವೇ. 1637ರಲ್ಲಿ ವೆನಿಸ್‌ನಲ್ಲಿ ಟಿಕೆಟ್ ಕೊಂಡು ನೋಡುವ ಮೊದಲ ಒಪೆರಾ ಮಂದಿರ ತೆರೆಯಿತು ನೋಡಿ, ಅಲ್ಲಿಂದ ಲೆಕ್ಕವೇ ಬದಲು. ಬರಬರುತ್ತಾ ಜನ ಗಾಯಕರಿಗಾಗಿ ಬರತೊಡಗಿದರು. ಗಾಯಕರು ಕಸರತ್ತಿಗೆ ಇಳಿದರು, ಕಥೆ ನಿಂತಲ್ಲೇ ನಿಂತಿತು. 1762ರಲ್ಲಿ ಗ್ಲಕ್ ಅನ್ನೋ ಸಂಗೀತಗಾರರು ಅದೇ ಕಥೆಯ ತಮ್ಮ ‘ಓರ್ಫಿಯೋ’ದಲ್ಲಿ ಆ ಕಸರತ್ತಿಗೆಲ್ಲ ಕತ್ತರಿ ಹಾಕಿದರು.

ಇದು ನಮ್ಮದೂ ಜಗಳ. ‘ಕುರುಕ್ಷೇತ್ರ’ದಲ್ಲಿ ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ, ದುರ್ಯೋಧನನಿಗೆ ಜಾಸ್ತಿ. ಅಷ್ಟು ಕೊಟ್ಟವರು ಪದ್ಯ ಬಿಡ್ತಾರಾ? ಕೃಷ್ಣನ ಪಾತ್ರದವನು ಕಂದ ಮುಗಿಸಿ ಮೇಲಿನ ಸ್ವರ ಹಿಡಿದು ನಿಲ್ಲುತ್ತಾನೆ. ನಾನು ಲೆಗ್ ಹಾರ್ಮೋನಿಯಂ ತುಳಿಯುತ್ತಾ ಅವನ ಎದೆಯನ್ನೇ ನೋಡುತ್ತಿರಬೇಕು. ಉಸಿರು ಸೋಲುವ ಮುಂಚೆ ಸ್ವರ ಕೊಟ್ಟು ಎತ್ತಿಕೊಳ್ಳಬೇಕು. ಅಷ್ಟರಲ್ಲಿ ‘ಒನ್ಸ್ ಮೋರ್’ ಬರುತ್ತೆ, ಪದ್ಯ ಮತ್ತೆ ಮೊದಲಿಂದ. ಸಂಧಾನದ ಕಾವು ಅಲ್ಲೇ ಆರಿಹೋಗುತ್ತೆ. ನನಗೆ ನಿಜಕ್ಕೂ ಸಂಕಟ ಆಗುತ್ತೆ. 1786ರಲ್ಲಿ ವಿಯೆನ್ನಾದಲ್ಲಿ ಮೊಜಾರ್ಟ್‌ನ ‘ಫಿಗರೋ’ ಒಪೆರಾಗೂ ಇದೇ ಕೂಗು ಎದ್ದು, ಒಬ್ಬರಿಗಿಂತ ಹೆಚ್ಚು ಜನ ಹಾಡುವ ಭಾಗವನ್ನು ಮತ್ತೆ ಹಾಡಿಸಬಾರದು ಅಂತ ಚಕ್ರವರ್ತಿ ಎರಡನೇ ಜೋಸೆಫ್ ಅಪ್ಪಣೆ ಮಾಡಿದ್ದರು.

ಆದರೆ ನಮ್ಮ ನಾಟಕವನ್ನು ಒಪೆರಾ ಅನ್ನಬೇಕಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥವರು ಬೆಳೆಸಿದ ದಾರಿ ಅದಕ್ಕಿದೆ. ಒಪೆರಾದಲ್ಲಿ ಸ್ವರವೆಲ್ಲ ಬರೆದಿಟ್ಟದ್ದು. ನಮ್ಮಲ್ಲಿ ರಾಗ ಗೊತ್ತಿರುತ್ತೆ, ಎಷ್ಟು ಎಳೆಯಬೇಕು ಅನ್ನೋದು ಆ ರಾತ್ರಿಗೆ ಬಿಟ್ಟದ್ದು.

ಕೊಪ್ಪದವನು:
ನಮ್ಮ ಯಕ್ಷಗಾನದಲ್ಲಿ ಹಾಡೋದು ಭಾಗವತರು, ಕುಣಿದು ಅರ್ಥ ಹೇಳೋದು ವೇಷಧಾರಿ. ಒಪೆರಾದಲ್ಲಿ ಹಾಡು, ಅಭಿನಯ ಎರಡೂ ಒಬ್ಬರದ್ದೇ. ಅದೂ ಮೈಕ್ ಇಲ್ಲದೆ! ಅಷ್ಟೊಂದು ವಾದ್ಯಗಳ ನಡುವೆ ದನಿ ಹೇಗೆ ಕೇಳಿಸುತ್ತೆ ಮೇಷ್ಟ್ರೇ?

ಪೆಟ್ಟಿಗೆ ಮೇಷ್ಟ್ರು:
ವರ್ಷಗಟ್ಟಲೆ ಸಾಧನೆ ಮಾಡಿ, ದನಿಯ ಬಲವನ್ನು ಸುಮಾರು 3000 ಹರ್ಟ್ಸ್, ಅಂದರೆ ಸೆಕೆಂಡಿಗೆ 3000 ಕಂಪನದ ಹತ್ತಿರ ಕೂಡಿಸುತ್ತಾರೆ. ವಾದ್ಯಗಳ ಸದ್ದು ಅಲ್ಲಿ ಕಡಿಮೆ, ನಮ್ಮ ಕಿವಿ ಅಲ್ಲಿ ಚುರುಕು. ನಮ್ಮ ಹಳಬರು ಮೈಕ್ ಬರುವ ಮುಂಚೆ ಏರು ಶ್ರುತಿಯಲ್ಲಿ ಹಾಡಿ ಕೊನೇ ಸಾಲಿಗೆ ಮುಟ್ಟಿಸುತ್ತಿದ್ದರು.

ಪಟ್ಟಣದ ಹುಡುಗಿ:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ. ಮಾತಿರುವ ‘ಕಾರ್ಮೆನ್’ ಪೂರ್ತಿ ನೋಡ್ತೀನಿ. ಆಮೇಲೆ ಯಾವುದು ನೋಡಲಿ?

ಪೆಟ್ಟಿಗೆ ಮೇಷ್ಟ್ರು:
ಮೊಜಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’, 1791ರದ್ದು. ಅದರಲ್ಲೂ ಮಾತಿದೆ. ಸಬ್‌ಟೈಟಲ್ ಇರೋದನ್ನೇ ಹುಡುಕಮ್ಮ.