ವ್ಯಾಯಾಮ ಆದ್ಮೇಲೆ ಕಣ್ಣು ಎಳೆಯುತ್ತೆ: ಮಲಗಬಹುದಾ, ಎಷ್ಟು ಹೊತ್ತು? (ಪ್ರಶ್ನೋತ್ತರ)

ಪ್ರಶ್ನೆ (ಓಟಗಾರ, ಬೆಂಗಳೂರು): ಡಾಕ್ಟ್ರೇ, ನಮಸ್ಕಾರ. ಟೆನ್‌ಕೆ (10 ಕಿ.ಮೀ.) ಓಟಕ್ಕೆ ತಯಾರಿ ನಡೀತಿದೆ. ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಬ್ಬನ್ ಪಾರ್ಕಲ್ಲಿ 14–16 ಕಿ.ಮೀ. ಓಡ್ತೀನಿ. ಮನೆಗೆ ಬಂದು ತಿಂಡಿ ತಿಂದರೆ ಸಾಕು, ಕಣ್ಣು ಎಳೆಯುತ್ತೆ. ಮಲಗಿದರೆ ಒಂದು ಗಂಟೆ ಹೋಗೇ ಹೋಗುತ್ತೆ, ಎದ್ದಮೇಲೆ ತಲೆ ಭಾರ, ಮಧ್ಯಾಹ್ನದವರೆಗೂ ಮಂಕು. ಮಲಗಲೇಬಾರದು ಅಂತ ಕೆಲವರು, ಮಲಗಿದರೇನೇ ಸ್ನಾಯು ಬೆಳೆಯೋದು ಅಂತ ಜಿಮ್‌ನವರು. ಯಾರ ಮಾತು ಕೇಳಲಿ?

ಉತ್ತರ (ಕ್ರೀಡಾ ವೈದ್ಯೆ): ಮಲಗಿ, ತೊಂದರೆ ಇಲ್ಲ. ಎಡವಟ್ಟಾಗ್ತಿರೋದು ಆ ಒಂದು ಗಂಟೆಯಲ್ಲಿ.

ನಿದ್ದೆ ಹತ್ತಿದ ಮೊದಲ ಇಪ್ಪತ್ತು ನಿಮಿಷ ಸಾಮಾನ್ಯವಾಗಿ ತೆಳು ಹಂತಗಳಲ್ಲೇ ಇರ್ತೀರಿ, ಕರೆದರೆ ಎಚ್ಚರ ಆಗುತ್ತೆ. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆ ಶುರು. ಅದರ ನಡುವೆ ಎದ್ದರೆ ಮಿದುಳು ಪೂರ್ತಿ ಎಚ್ಚರ ಆಗಲು ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ನಿಮ್ಮ ತಲೆ ಭಾರಕ್ಕೆ ಅದೇ ಕಾರಣ. ಗಾಢ ಹಂತ ದಾಟಿ ಒಂದು ಸುತ್ತು ಮುಗಿಯೋಕೆ ಸುಮಾರು 90 ನಿಮಿಷ. ಹಾಗಾಗಿ ಆಯ್ಕೆ ಎರಡೇ: ಒಂದೋ 20 ನಿಮಿಷದ ಜೊಂಪು, ಇಲ್ಲವೇ 90 ನಿಮಿಷದ ಪೂರ್ತಿ ನಿದ್ದೆ. ನಲವತ್ತೈದರಿಂದ ಅರವತ್ತು ನಿಮಿಷ ಮಲಗೋದೇ ಎಲ್ಲಕ್ಕಿಂತ ಕೆಟ್ಟದ್ದು. ಕಣ್ಣು ಹತ್ತಲು ಐದು ನಿಮಿಷ ಸೇರಿಸಿ ಅಲಾರಾಂ 25ಕ್ಕೆ ಇಡಿ. ಫೋನ್ ಕೈಗೆ ಸಿಗೋ ಹಾಗೆ ದಿಂಬಿನ ಪಕ್ಕ ಬೇಡ, ಎದ್ದು ಹೋಗಿ ಆಫ್ ಮಾಡೋ ದೂರದಲ್ಲಿರಲಿ.

90 ನಿಮಿಷದ ನಿದ್ದೆ ಯಾವಾಗ? ಹಿಂದಿನ ರಾತ್ರಿ ನಾಲ್ಕೈದು ಗಂಟೆ ಮಾತ್ರ ಮಲಗಿದ್ದರೆ. ನಾಲ್ಕೂವರೆಗೆ ಎದ್ದೆ ಅಂತ ಬರೆದಿದ್ದೀರಿ, ಶನಿವಾರ ರಾತ್ರಿ ಎಷ್ಟಕ್ಕೆ ಮಲಗಿದಿರಿ ಅಂತ ಬರೆದಿಲ್ಲ. ಹನ್ನೆರಡಾಗಿದ್ದರೆ ಭಾನುವಾರದ ಈ ನಿದ್ದೆಗೆ ಓಟ ನೆಪ ಅಷ್ಟೇ, ತೀರುತ್ತಿರೋದು ಶನಿವಾರದ ಬಾಕಿ. ಬಾಕಿ ಜಾಸ್ತಿ ಇದ್ದವರು ಗಾಢ ನಿದ್ದೆಗೂ ಬೇಗ ಇಳೀತಾರೆ, ಅಂಥವರಿಗೆ 25 ನಿಮಿಷದ ಅಲಾರಾಂ ಕೂಡ ಹಿಂಸೆ ಅನ್ನಿಸುತ್ತೆ.

ಸ್ನಾಯು ಬೆಳೆಯೋ ಮಾತು ಅರ್ಧ ನಿಜ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯೋದು ರಾತ್ರಿಯ ಮೊದಲ ಗಾಢ ನಿದ್ದೆಯಲ್ಲಿ. ಇಪ್ಪತ್ತು ನಿಮಿಷದ ಜೊಂಪಿನಲ್ಲಿ ಆ ಹಂತವೇ ಬರಲ್ಲ. ಜೊಂಪಿನಿಂದ ಸಿಗೋದು ಚುರುಕು. 2007ರಲ್ಲಿ ಬ್ರಿಟನ್‌ನಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗಿದ್ದ ಹತ್ತು ಗಂಡಸರಿಗೆ ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಮಲಗಿಸಿದಾಗ 20 ಮೀಟರ್ ಓಟದ ಸಮಯ ಸುಧಾರಿಸಿತು, ಎಚ್ಚರ ಮತ್ತು ನೆನಪು ಕೂಡ. ಹತ್ತೇ ಜನ ಅನ್ನೋದು ಮರೆಯಬೇಡಿ.

ಅದೇ ಓಟಗಾರ: ಥ್ಯಾಂಕ್ಸ್ ಮೇಡಂ. ಓಡಿ ಬಂದ ತಕ್ಷಣ ಮಲಗಿದರೆ ಹೃದಯಕ್ಕೆ ಅಪಾಯ ಅಂತಾರಲ್ಲ?

ಕ್ರೀಡಾ ವೈದ್ಯೆ: ಅಪಾಯ ಇರೋದು ಓಡಿ ಬಂದು ಸ್ತಬ್ಧವಾಗಿ ನಿಂತುಬಿಟ್ಟಾಗ. ಓಡುವಾಗ ಕಾಲಿನ ರಕ್ತನಾಳಗಳು ಅಗಲವಾಗಿರುತ್ತವೆ, ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ತಿರುತ್ತೆ. ಥಟ್ಟನೆ ನಿಂತರೆ ತಳ್ಳುವವರಿಲ್ಲ, ರಕ್ತ ಕಾಲಲ್ಲೇ ನಿಲ್ಲುತ್ತೆ, ಬಿಪಿ ಇಳಿದು ತಲೆ ಸುತ್ತುತ್ತೆ. ಅದಕ್ಕೇ ಕೊನೆಗೆ ಹತ್ತು ನಿಮಿಷ ನಡಿಗೆ. ಉಸಿರು ಮಾಮೂಲಿಗೆ ಬಂದು, ಪೂರ್ತಿ ವಾಕ್ಯ ಏದುಸಿರಿಲ್ಲದೆ ಮಾತಾಡೋಕಾದರೆ ಸಾಕು. ಒದ್ದೆ ಬನಿಯನ್‌ನಲ್ಲಿ ಫ್ಯಾನ್ ಕೆಳಗೆ ಮಲಗಬೇಡಿ, ಮೈ ನಡುಗಿ ಎಚ್ಚರ ಆಗುತ್ತೆ. ಸ್ನಾನ ಮಾಡಿ, ಒಣ ಬಟ್ಟೆ ಹಾಕಿ. ವ್ಯಾಯಾಮದಲ್ಲಿ ಏರಿದ ಮೈಬಿಸಿ ಇಳಿಯುವ ಹೊತ್ತಿಗೆ ನಿದ್ದೆ ತಾನಾಗಿ ಬರುತ್ತೆ, ಓಡಿದ ಅರ್ಧ–ಮುಕ್ಕಾಲು ಗಂಟೆ ನಂತರ ಕಣ್ಣು ಎಳೆಯೋದಕ್ಕೆ ಅದೂ ಒಂದು ಕಾರಣ.

ಎದ್ದ ಮೇಲೂ ಒಂದು ನಿಮಿಷ ಮಂಚದ ತುದಿಯಲ್ಲಿ ಕೂತು ಆಮೇಲೆ ನಿಲ್ಲಿ. ವ್ಯಾಯಾಮದ ನಂತರ ಬಿಪಿ ಕೆಲವು ಗಂಟೆ ತಗ್ಗಿರುತ್ತೆ. ಬಿಪಿ ಮಾತ್ರೆ ತಗೊಳ್ಳೋರು ಇದನ್ನ ತಪ್ಪಿಸಲೇಬಾರದು.

ಉತ್ತರ (ಡಯಟಿಷಿಯನ್): ಮೇಡಂ ಹೇಳಿದ್ದಕ್ಕೆ ನೀರಿನ ಲೆಕ್ಕ ಸೇರಿಸ್ತೀನಿ. ಓಟಕ್ಕೆ ಮುಂಚೆ, ಓಟದ ನಂತರ ಮೈ ಒರೆಸಿಕೊಂಡು, ಎರಡು ಸಲ ತೂಕ ನೋಡಿ. ಮುಂಚೆ 68.4 ಕೆ.ಜಿ., ನಂತರ 67.2 ಅಂದರೆ 1.2 ಕೆ.ಜಿ. ನೀರು ಬಾಕಿ. ಅದನ್ನ ಒಂದೂಕಾಲರಿಂದ ಒಂದೂವರೆ ಪಟ್ಟು ಮಾಡಿ ತುಂಬಬೇಕು: ಸುಮಾರು ಒಂದೂವರೆಯಿಂದ 1.8 ಲೀಟರ್, ಮುಂದಿನ ಕೆಲವು ಗಂಟೆಗಳಲ್ಲಿ. ಪೂರ್ತಿ ಒಂದೇ ಸಲ ಕುಡಿದು ಮಲಗಿದರೆ ಹತ್ತನೇ ನಿಮಿಷಕ್ಕೆ ಟಾಯ್ಲೆಟ್‌ಗೆ ಏಳ್ತೀರಿ. ಮಲಗೋ ಮುಂಚೆ ಅರ್ಧ ಲೀಟರ್, ಉಳಿದದ್ದು ಎದ್ದಮೇಲೆ. ಉಪ್ಪು ಹಾಕಿದ ಮಜ್ಜಿಗೆ ಚೆನ್ನ. ಬೆವರು ಬಿಳಿ ಗೆರೆ ಬಿಡುವಷ್ಟು ಸುರಿದಿದ್ದರೆ ಓಆರ್‌ಎಸ್ ಪ್ಯಾಕೆಟ್. ಅದನ್ನ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಒಂದು ಲೀಟರ್‌ನದ್ದಾದರೆ ಒಂದು ಲೀಟರ್‌ಗೇ, ಲೋಟಕ್ಕೆ ಕಾಲು ಪ್ಯಾಕೆಟ್ ಅಂತ ಅಂದಾಜು ಬೇಡ. ಓಟದ ನಂತರ ತೂಕ ಹೆಚ್ಚಾಗಿದ್ದರೆ ನೀವು ಬೇಕಿದ್ದಕ್ಕಿಂತ ಜಾಸ್ತಿ ಕುಡಿದಿದ್ದೀರಿ. ಅದರ ಜತೆ ತಲೆನೋವು, ವಾಂತಿ, ಮಂಪರು ಇದ್ದರೆ ಮಲಗಬೇಡಿ, ನೀರನ್ನೂ ಕುಡಿಯಬೇಡಿ, ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಸೋಡಿಯಂ ಇಳಿದಿರಬಹುದು.

ಇನ್ನು ತಿಂಡಿ. ಗ್ರೂಪ್ ರನ್ ಮುಗಿಸಿ ಬೆಣ್ಣೆ ಮಸಾಲೆ, ಕೇಸರಿಬಾತ್, ಮೇಲೊಂದು ವಡೆ ತಿಂದು ಅಡ್ಡಾದರೆ ಎದೆಯುರಿ ಗ್ಯಾರಂಟಿ. ಜಿಡ್ಡಿನ ಊಟ ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತೆ, ಮಲಗಿದಾಗ ಆಮ್ಲ ಮೇಲಕ್ಕೆ ಬರೋದು ಸಲೀಸು. ದೊಡ್ಡ ತಿಂಡಿಗೂ ಮಲಗೋದಕ್ಕೂ ಎರಡು–ಮೂರು ಗಂಟೆ ಅಂತರ ಬೇಕು. ಆದ್ದರಿಂದ ಸರದಿ ಬದಲಿಸಿ: ಮೊದಲು ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಜೊಂಪು. ಎದ್ದಮೇಲೆ ತಿಂಡಿ. ಆ ತಿಂಡಿಯಲ್ಲಿ ಪ್ರೋಟೀನ್ ತೂಕದ ಪ್ರತಿ ಕೆ.ಜಿ.ಗೆ 0.3 ಗ್ರಾಂ ಲೆಕ್ಕದಲ್ಲಿರಲಿ, 68 ಕೆ.ಜಿ. ತೂಕಕ್ಕೆ ಸುಮಾರು 20 ಗ್ರಾಂ. ಮೊಟ್ಟೆ ಒಂದಕ್ಕೆ 6 ಗ್ರಾಂ, ಒಣ ಹೆಸರುಕಾಳು 50 ಗ್ರಾಂ ನೆನೆಸಿ ಉಸ್ಲಿ ಮಾಡಿದರೆ 12, ಪನೀರ್ 100 ಗ್ರಾಂಗೆ 18ರ ಆಸುಪಾಸು. ಬರೀ ಇಡ್ಲಿ–ಚಟ್ನಿಯಲ್ಲಿ ಅಷ್ಟು ಬರಲ್ಲ, ಸಾಂಬಾರಿನ ಬೇಳೆ ಗಟ್ಟಿಯಾಗಿದ್ದರೆ ಸ್ವಲ್ಪ ಹತ್ತಿರ ಬರ್ತೀರಿ.

ಪ್ರಶ್ನೆ (ಇನ್ನೊಬ್ಬರು): ಸರ್, ವರ್ಕೌಟ್ ಆದ ಕೂಡಲೇ ಫಿಲ್ಟರ್ ಕಾಫಿ ಬೇಕೇ ಬೇಕು. ಆಮೇಲೆ ಮಲಗಿದರೆ ನಿದ್ದೆ ಬರಲ್ಲ.

ಡಯಟಿಷಿಯನ್: ಕಾಫಿ ಕುಡಿದು ಮುಕ್ಕಾಲು ಗಂಟೆ ಬಿಟ್ಟು ಮಲಗೋಕೆ ಹೋದರೆ ಬರಲ್ಲ, ಕೆಫೀನ್ ರಕ್ತದಲ್ಲಿ ಹೆಚ್ಚಿರೋದೇ ಆಗ. ಕುಡಿದ ತಕ್ಷಣ ಮಲಗಿ. ಕೆಫೀನ್ ಕೆಲಸ ಶುರು ಮಾಡೋಕೆ ಇಪ್ಪತ್ತು–ಮೂವತ್ತು ನಿಮಿಷ ಬೇಕು, ಅಷ್ಟರಲ್ಲಿ ಜೊಂಪು ಮುಗಿದಿರುತ್ತೆ, ಏಳೋದೂ ಸುಲಭ. ಬೆಳಗಿನ ಹೊತ್ತಿಗೆ ಮಾತ್ರ ಈ ಉಪಾಯ. ಕುಡಿದ ಕೆಫೀನ್‌ನಲ್ಲಿ ಅರ್ಧ ಭಾಗ ಐದು ಗಂಟೆ ನಂತರವೂ ಮೈಯಲ್ಲೇ ಇರುತ್ತೆ.

ಪ್ರಶ್ನೆ (ಗೃಹಿಣಿ, ಮೈಸೂರು): ಮೇಡಂ, ನಾನು ಸಂಜೆ ಆರೂವರೆಗೆ ಜಿಮ್‌ಗೆ ಹೋಗ್ತೀನಿ. ಎಂಟಕ್ಕೆ ಬಂದು ಸೋಫಾ ಮೇಲೆ ಕೂತರೆ ಒಂಬತ್ತರವರೆಗೂ ನಿದ್ದೆ. ಆಮೇಲೆ ರಾತ್ರಿ ಒಂದಾದರೂ ಕಣ್ಣು ಮುಚ್ಚಲ್ಲ. ನಮ್ಮತ್ತೆ ಹಗಲು ನಿದ್ದೆ ಕಫ ಅಂತಾರೆ, ಇದು ಹಗಲೂ ಅಲ್ಲವಲ್ಲ!

ಕ್ರೀಡಾ ವೈದ್ಯೆ: ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನೋ ವಸ್ತು ಸೇರ್ತಾ ಹೋಗುತ್ತೆ, ರಾತ್ರಿ ನಿದ್ದೆ ಎಳೆಯೋದು ಅದೇ. ಎಂಟರಿಂದ ಒಂಬತ್ತರ ನಿದ್ದೆಯಲ್ಲಿ ಅದರ ಒಂದು ಪಾಲು ಕರಗಿಹೋಗುತ್ತೆ, ಹತ್ತಕ್ಕೆ ಮಲಗಿದಾಗ ಎಳೆಯೋಕೆ ಸಾಕಷ್ಟು ಉಳಿದಿರಲ್ಲ. ಹಗಲು ಜೊಂಪು ಏನಿದ್ದರೂ ಮಧ್ಯಾಹ್ನ ಮೂರರೊಳಗೆ ಮುಗಿಯಲಿ. ಸಂಜೆ ಜಿಮ್‌ನಿಂದ ಬಂದು ಸೋಫಾಗೆ ಹೋಗದೆ ನೇರ ಸ್ನಾನಕ್ಕೆ ಹೋಗಿ, ಎಂಟೂವರೆಗೆ ಊಟ ಮುಗಿಸಿ, ಅಡುಗೆಮನೆ ಕೆಲಸ ನಿಂತೇ ಮಾಡಿ, ಹತ್ತೂವರೆಗೆ ಹಾಸಿಗೆ. ಮೊದಲ ನಾಲ್ಕೈದು ದಿನ ಕಷ್ಟ ಅನಿಸುತ್ತೆ. ಜಿಮ್ ಸಮಯ ಬದಲಿಸೋ ಅಗತ್ಯ ಇಲ್ಲ, ಮಲಗೋ ಒಂದು ಗಂಟೆ ಒಳಗೆ ಏದುಸಿರು ಬರುವ ವ್ಯಾಯಾಮ ಬೇಡ ಅಷ್ಟೆ.

ಅತ್ತೆಯವರಿಗೆ ಹೇಳಿ: ಚರಕ ಸಂಹಿತೆಯಲ್ಲೂ ಬೇಸಿಗೆಯ ಹಗಲು ನಿದ್ದೆಗೆ ವಿನಾಯಿತಿ ಇದೆ. ಕೆಲಸ ಮಾಡಿ, ಹೊರೆ ಹೊತ್ತು, ದಾರಿ ನಡೆದು ಬಳಲಿದವರಿಗೂ ಇದೆ.

ಪ್ರಶ್ನೆ (ಮಗಳು, ದಾವಣಗೆರೆ): ಡಾಕ್ಟ್ರೇ, ನಮ್ಮಪ್ಪನಿಗೆ 61 ವರ್ಷ, ಶುಗರ್ ಇದೆ. ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ. ಒಂದು ಗಂಟೆ ವಾಕಿಂಗ್ ಮುಗಿಸಿ ಬಂದು ಪೇಪರ್ ಓದ್ತಾ ಹಾಗೇ ನಿದ್ದೆ ಹೋಗ್ತಾರೆ. ಬಿಡಬಹುದಾ?

ಕ್ರೀಡಾ ವೈದ್ಯೆ: ಇಂದಿನ ಪ್ರಶ್ನೆಗಳಲ್ಲಿ ನನಗೆ ನಿಜಕ್ಕೂ ಚಿಂತೆ ತಂದಿದ್ದು ಇದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರಲ್ಲಿ ವ್ಯಾಯಾಮದ ನಂತರ ಶುಗರ್ ಇಳಿಯಬಹುದು, ತಕ್ಷಣವೇ ಅಂತಿಲ್ಲ, 24 ಗಂಟೆವರೆಗೂ. ಲೋ ಶುಗರ್‌ನ ಸೂಚನೆ ಅಂದರೆ ಬೆವರು, ನಡುಕ, ಹಸಿವು, ಮಂಪರು. ನಿದ್ದೆಯಲ್ಲಿದ್ದರೆ ಇದ್ಯಾವುದೂ ಅವರಿಗೆ ಗೊತ್ತಾಗಲ್ಲ, ನಿಮಗೆ "ಪಾಪ, ಸುಸ್ತಾಗಿ ಮಲಗಿದ್ದಾರೆ" ಅನ್ನಿಸುತ್ತೆ.

ಎರಡು ವಾರ ಹೀಗೆ ಮಾಡಿ. ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ವಾಕಿಂಗ್‌ಗೆ ಕಳಿಸಬೇಡಿ. ಆ ಮಾತ್ರೆ ತಿಂಡಿಯ ಜತೆಗೇ. ವಾಪಸ್ ಬಂದು ಕೂರೋ ಮುಂಚೆ ಗ್ಲುಕೋಮೀಟರ್‌ನಲ್ಲಿ ನೋಡಿ, ಬೆರಳು ತೊಳೆದು ಒರೆಸಿದ ಮೇಲೆ (ಹಣ್ಣಿನ ರಸ ಅಂಟಿದ್ದರೆ ರೀಡಿಂಗ್ ಹುಸಿಯಾಗಿ ಹೆಚ್ಚು ಬರುತ್ತೆ). 100ಕ್ಕಿಂತ ಕಡಿಮೆ ಇದ್ದರೆ ತಿಂಡಿ ಮೊದಲು, ನಿದ್ದೆ ಆಮೇಲೆ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಕಡಿಮೆ ಇದ್ದರೆ ಮತ್ತೆ ಅಷ್ಟೇ. ಏರಿದ ಮೇಲೆ ತಿಂಡಿ ಕೊಡಿ. ಚಾಕೊಲೇಟ್ ಬೇಡ, ಅದರ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರೋದನ್ನ ತಡ ಮಾಡುತ್ತೆ. ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತೆ. ಒಂದು ಮಗ್ಗುಲಿಗೆ ತಿರುಗಿಸಿ 108ಕ್ಕೆ ಕರೆ ಮಾಡಿ. ರೀಡಿಂಗ್‌ಗಳನ್ನ ಬರೆದಿಟ್ಟು ಅವರ ವೈದ್ಯರಿಗೆ ತೋರಿಸಿ, ಡೋಸ್ ಇಳಿಸಬೇಕಾಗಬಹುದು. ನೀವಾಗಿ ಇಳಿಸಬೇಡಿ. ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಈ ಭಯ ತೀರ ಕಡಿಮೆ.

ಪ್ರಶ್ನೆ (ಕಬಡ್ಡಿ ಆಡೋ ಹುಡುಗನ ತಂದೆ): ಮಗನಿಗೆ 15. ಬೇಸಿಗೆ ಶಿಬಿರದಿಂದ ಮಧ್ಯಾಹ್ನ ಬಂದವನೇ ಬಿದ್ದುಕೊಳ್ತಾನೆ. ಎಬ್ಬಿಸಿದರೆ ಸಿಡುಕು.

ಉತ್ತರ (ಫಿಸಿಯೊ): ಈ ವಯಸ್ಸಿಗೆ ದಿನಕ್ಕೆ 8–10 ಗಂಟೆ ನಿದ್ದೆ ಬೇಕು, ಸಿಡುಕು ಮಾಮೂಲು. ನೋಡಬೇಕಾದ್ದು ಎರಡು. ತಲೆಗೆ ಏಟು ಬಿದ್ದಿತ್ತಾ ಕೇಳಿ. ರೈಡ್‌ನಲ್ಲಿ ಮೊಣಕೈ, ಮೊಣಕಾಲು ತಲೆಗೆ ತಾಗೋದು ಸಾಮಾನ್ಯ, ಹುಡುಗರು ಮನೇಲಿ ಹೇಳಲ್ಲ. ಏಟಿನ ನಂತರ ಮಂಪರು ಹೆಚ್ಚುತ್ತಿದ್ದರೆ, ಮತ್ತೆ ಮತ್ತೆ ವಾಂತಿ ಆದರೆ, ಕೇಳಿದ್ದನ್ನೇ ಕೇಳ್ತಿದ್ದರೆ ತಡ ಮಾಡದೆ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.

ಎರಡನೇದು ಬಿಸಿಲು. ಮೈ ಕೆಂಡದ ಹಾಗೆ ಸುಡ್ತಾ, ಮಾತು ತೊದಲ್ತಾ, ನಡಿಗೆ ತಪ್ಪುತ್ತಿದ್ದರೆ ಅದು ನಿದ್ದೆಯಲ್ಲ, ಶಾಖಾಘಾತ. ಬೆವರು ಬರ್ತಿದೆ ಅಂತ ಸಮಾಧಾನ ಪಡಬೇಡಿ, ಆಟಗಾರರಲ್ಲಿ ಬೆವರುತ್ತಲೇ ಆಗುತ್ತೆ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರೋವರೆಗೆ ಕಾಯದೆ ನೆರಳಲ್ಲಿ ಬಟ್ಟೆ ಸಡಿಲಿಸಿ ಬಕೆಟ್‌ಗಟ್ಟಲೆ ತಣ್ಣೀರು ಸುರೀರಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ.

ಪ್ರಶ್ನೆ: ಯೋಗ ಕ್ಲಾಸ್‌ನಲ್ಲಿ ಶವಾಸನದಲ್ಲೇ ಗೊರಕೆ ಹೊಡೀತೀನಿ. ಅದು ಜೊಂಪಿನ ಲೆಕ್ಕಕ್ಕೆ ಬರುತ್ತಾ?

ಫಿಸಿಯೊ: ಬರುತ್ತೆ, ಪಕ್ಕದವರ ಶಾಂತಿ ಲೆಕ್ಕಕ್ಕಿಲ್ಲದಿದ್ದರೆ! ಆದರೆ ಮಲಗಿದ ಎರಡು ನಿಮಿಷಕ್ಕೆ ದಿನಾ ಗೊರಕೆ ಅಂದರೆ ರಾತ್ರಿ ನಿದ್ದೆ ಸಾಲ್ತಿಲ್ಲ ಅಂತ.

ಕ್ರೀಡಾ ವೈದ್ಯೆ: ಇದಕ್ಕೆ ಒಂದು ಮಾತು ಸೇರಿಸ್ತೀನಿ, ಎಲ್ಲರಿಗೂ ಅನ್ವಯ. ಎರಡು ವಾರ ರಾತ್ರಿ ಏಳೂವರೆ–ಎಂಟು ಗಂಟೆ ಮಲಗಿ, ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ ಕೊಟ್ಟು ನೋಡಿ. ಆಮೇಲೂ ಹಗುರ ವ್ಯಾಯಾಮಕ್ಕೇ ನಿದ್ದೆ ಎಳೆದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್), ಬಿ12 ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15–49 ವಯಸ್ಸಿನ ಹೆಂಗಸರಲ್ಲಿ ಶೇ 57 ಜನಕ್ಕೆ ಇದಿದೆ. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗೋದು, ಬೆಳಿಗ್ಗೆ ತಲೆನೋವು ಇದ್ದರೆ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಅಳೆಯೋ ಪರೀಕ್ಷೆ). ನೆಗಡಿ–ಅಲರ್ಜಿಗೆ ಸೆಟ್ರಿಜಿನ್ ನುಂಗ್ತಿದ್ದೀರಾ ಅನ್ನೋದನ್ನೂ ನೋಡಿಕೊಳ್ಳಿ, ಎಷ್ಟೋ ಸಲ ಅಪರಾಧಿ ಅದೇ.

ಮೊದಲ ಓಟಗಾರ: ಕೊನೇದೊಂದು ಮೇಡಂ. ಕಬ್ಬನ್ ಪಾರ್ಕಿಂದ ಮನೆಗೆ ಮುಕ್ಕಾಲು ಗಂಟೆ ಡ್ರೈವ್. ದಾರೀಲೇ ತೂಕಡಿಸುತ್ತೆ.

ಕ್ರೀಡಾ ವೈದ್ಯೆ: ಹಾಗಾದರೆ ಜೊಂಪು ಮನೇಲಲ್ಲ, ಪಾರ್ಕಿಂಗ್‌ನಲ್ಲೇ. ನೆರಳಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ, ಸೀಟು ಹಿಂದಕ್ಕೆ ಒರಗಿಸಿ 20 ನಿಮಿಷ. ಎದ್ದು ಕೆಳಗಿಳಿದು ಮುಖ ತೊಳೆದು ಹತ್ತು ನಿಮಿಷ ಓಡಾಡಿ, ಆಮೇಲೆ ಸ್ಟೇರಿಂಗ್ ಹಿಡಿಯಿರಿ. ಎಸಿ ಹಾಕಿ ಹಾಡು ಜೋರು ಮಾಡಿದರೆ ನಿದ್ದೆ ಹೋಗಲ್ಲ. ಅಷ್ಟು ಹೊತ್ತು ಇಲ್ಲ ಅಂದರೆ ಮೆಟ್ರೊ ಹಿಡಿಯಿರಿ, ಕಬ್ಬನ್ ಪಾರ್ಕ್ ಸ್ಟೇಷನ್ ಪಕ್ಕದಲ್ಲೇ ಇದೆ.