ವಿಮಾನದ ಸದ್ದು ತರುವುದು ‘ಕಿರಿಕಿರಿ’ಯೋ, ‘ಬಾಧೆ’ಯೋ, ‘ಉಪದ್ರವ’ವೋ?

ಮಾನ್ಯರೆ,

ವಿಮಾನ ನಿಲ್ದಾಣಗಳ ಸುತ್ತ ವಾಸಿಸುವವರು ಸದ್ದು, ಹೊಗೆ ಮತ್ತು ವಿಸ್ತರಣೆಯ ಬಗ್ಗೆ ಸಲ್ಲಿಸುವ ಆಕ್ಷೇಪಣೆಗಳಿಗೆ ನೆರವಾಗುವಂತಹ ಒಂದು ಪದಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಹೆಚ್ಚಿನ ಪದಗಳಲ್ಲಿ ತೊಡಕಿಲ್ಲ. ರನ್‌ವೇ ಎಂಬುದನ್ನು ಹಾಗೆಯೇ ಉಳಿಸಿಕೊಂಡರೂ ಓಡುದಾರಿ ಎಂದು ಬರೆದರೂ ಓದುವವರಿಗೆ ತಿಳಿಯುತ್ತದೆ. ತೊಡಕಿರುವುದು ಇಡೀ ವಾದಕ್ಕೆ ಆಧಾರವಾದ ಒಂದು ಪರಿಕಲ್ಪನೆಯಲ್ಲಿ. ಮೇಲಿಂದ ಮೇಲೆ ಹಾದುಹೋಗುವ ವಿಮಾನಗಳ ಸದ್ದಿನಿಂದ ಕೆಳಗಿರುವವರ ಮನಸ್ಸು ಕದಡುವ ಸ್ಥಿತಿಯನ್ನು ಇಂಗ್ಲಿಷಿನಲ್ಲಿ ‘ಅನಾಯನ್ಸ್’ ಎನ್ನುತ್ತಾರೆ. ಅದನ್ನು ನಾವು ಏನೆಂದು ಬರೆಯಬೇಕು?

‘ಕಿರಿಕಿರಿ’ ಎಂದು ಬರೆದು ಮುಂದೆ ಹೋಗಬಹುದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಕ್ಷೇತ್ರದಲ್ಲಿ ‘ಅನಾಯನ್ಸ್’ ಆಡುಮಾತಿನ ದೂರಲ್ಲ, ಅಳತೆಗೆ ಸಿಗುವ ಒಂದು ಆರೋಗ್ಯ ಪರಿಣಾಮ. ವಿಶ್ವ ಆರೋಗ್ಯ ಸಂಸ್ಥೆಯು ಯುರೋಪ್ ವಲಯಕ್ಕಾಗಿ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ವಿಮಾನಗಳ ಸದ್ದು ದಿನದ ಒಟ್ಟು ಲೆಕ್ಕದಲ್ಲಿ 45 ಡೆಸಿಬಲ್‌ಗಿಂತಲೂ ರಾತ್ರಿಯಲ್ಲಿ 40 ಡೆಸಿಬಲ್‌ಗಿಂತಲೂ ಕಡಿಮೆಯಿರಬೇಕೆಂದು ಶಿಫಾರಸು ಮಾಡಿದಾಗ, ನಿದ್ರಾಭಂಗದ ಜೊತೆಗೆ ಈ ಸ್ಥಿತಿಯನ್ನೂ ಆಧಾರವಾಗಿ ತೆಗೆದುಕೊಳ್ಳಲಾಗಿತ್ತು. ಅಮೆರಿಕದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ 65 ಡೆಸಿಬಲ್ ಮಿತಿಯನ್ನು ಸಮರ್ಥಿಸಲು ಬಳಕೆಯಾದದ್ದು, ಯಾವ ಮಟ್ಟದ ಸದ್ದಿಗೆ ಶೇಕಡಾ ಎಷ್ಟು ಜನ ತೀವ್ರವಾಗಿ ಬೇಸತ್ತಿರುತ್ತಾರೆ ಎಂಬುದನ್ನು ತೋರಿಸುವ, 1978ರಲ್ಲಿ ಪ್ರಕಟವಾದ ಒಂದು ರೇಖಾಚಿತ್ರ. ಅಲ್ಲಿನ ವಿಮಾನಯಾನ ಆಡಳಿತವೇ 20 ವಿಮಾನ ನಿಲ್ದಾಣಗಳ ಸುತ್ತಲಿನ 10,000ಕ್ಕೂ ಹೆಚ್ಚು ನಿವಾಸಿಗಳನ್ನು ವಿಚಾರಿಸಿ 2021ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, ಅದೇ ಮಟ್ಟದ ಸದ್ದಿಗೆ ಬೇಸತ್ತವರ ಪ್ರಮಾಣ ಹಳೆಯ ರೇಖೆ ಹೇಳಿದ್ದಕ್ಕಿಂತ ಬಹಳ ಹೆಚ್ಚಾಗಿದೆ. ಯಾರ ಮನೆಯ ಕಿಟಕಿಗೆ ಸದ್ದು ತಡೆಯುವ ಗಾಜು ಹಾಕಿಸಿಕೊಡಬೇಕು, ಎಲ್ಲಿ ಶಾಲೆ ಕಟ್ಟಬಾರದು ಎಂಬಂತಹ ನಿರ್ಧಾರಗಳು ಕೊನೆಗೆ ಜನ ಒಂದು ಪದವನ್ನು ಕೇಳಿ ಕೊಟ್ಟ ಉತ್ತರವನ್ನೇ ಆಧರಿಸಿರುವಾಗ, ಕನ್ನಡದಲ್ಲಿ ಆ ಪದ ಹಗುರವಾಗಿರಬಾರದು.

ನನ್ನ ಮುಂದಿರುವ ಪದಗಳು ಇವು. ‘ಕಿರಿಕಿರಿ’ ಎಲ್ಲರಿಗೂ ತಟ್ಟನೆ ಅರ್ಥವಾಗುತ್ತದೆ; ಆದರೆ ಕಣ್ಣಿಗೆ ಬಿದ್ದ ಕಸದಿಂದ ಹಿಡಿದು ಸರ್ಕಾರಕ್ಕೆ ಮಿತ್ರಪಕ್ಷ ತಂದೊಡ್ಡುವ ಮುಜುಗರದವರೆಗೆ ಎಲ್ಲಕ್ಕೂ ಬಳಕೆಯಾಗಿ ಸವೆದಿದೆ, ‘ಸಹಿಸಿಕೊಳ್ಳಿ’ ಎಂಬ ಉತ್ತರವನ್ನು ತಾನೇ ಕರೆಯುತ್ತದೆ. ‘ಅಸಹನೆ’ ಇನ್ನೂ ಅಪಾಯಕಾರಿ, ಏಕೆಂದರೆ ಅದು ದೋಷವನ್ನು ಸದ್ದಿನಿಂದ ಎತ್ತಿ ಕೇಳುವವರ ಸ್ವಭಾವದ ಮೇಲೆ ಹೊರಿಸುತ್ತದೆ. ‘ಕಾಟ’, ‘ಉಪಟಳ’ ಎರಡರಲ್ಲೂ ಬೇಕೆಂದೇ ತೊಂದರೆ ಕೊಡುವವರೊಬ್ಬರು ಇದ್ದಾರೆ ಎಂಬ ಧ್ವನಿಯಿದೆ; ವಿಮಾನ ಸಂಸ್ಥೆಗೆ ಅಂತಹ ಉದ್ದೇಶವಿದೆ ಎಂದು ಯಾವ ಅರ್ಜಿದಾರರೂ ವಾದಿಸುವುದಿಲ್ಲ.

‘ಉಪದ್ರವ’ ನನಗೆ ಹಿಡಿಸಿದ ಪದ, ಆದರೆ ಅದು ಈಗಾಗಲೇ ಬೇರೆ ಕೆಲಸದಲ್ಲಿದೆ. ‘ಸಾರ್ವಜನಿಕ ಉಪದ್ರವ’ ಎಂದಾಗ ಕಾನೂನು ಗುರುತಿಸುವ ಅಪರಾಧವನ್ನು ಹೇಳುತ್ತೇವೆ, ಅನುಭವಿಸುವವರ ಮನಃಸ್ಥಿತಿಯನ್ನಲ್ಲ. ಇವೆರಡನ್ನು ಬೆರೆಸಿದರೆ ವಾದ ಕೆಡುತ್ತದೆ. 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಕಾಸ್ಬಿ ದಂಪತಿಯ ಪ್ರಕರಣದಲ್ಲಿ, ತೀರಾ ಕೆಳಮಟ್ಟದಲ್ಲಿ ಹಾರುತ್ತಿದ್ದ ಸೇನಾ ವಿಮಾನಗಳಿಗೆ ಹೆದರಿದ ಕೋಳಿಗಳು ಗೋಡೆಗೆ ಬಡಿದುಕೊಂಡು ಸತ್ತದ್ದರಿಂದ ಆ ದಂಪತಿಯ ಕೋಳಿ ಸಾಕಣೆಯೇ ನಿಂತುಹೋಗಿತ್ತು. ನ್ಯಾಯಾಲಯ ಅದನ್ನು ಆಸ್ತಿಯನ್ನು ಕಸಿದುಕೊಂಡದ್ದಕ್ಕೆ ಸಮನೆಂದು ಕಂಡಿತು. ಅಲ್ಲಿ ನಷ್ಟವನ್ನು ಎಣಿಸಿ ತೋರಿಸಬಹುದಿತ್ತು. ಇಂದಿನ ಬಹುಪಾಲು ಮನವಿಗಳಲ್ಲಿ ಸತ್ತ ಕೋಳಿಗಳಿಲ್ಲ. ಮಾತು ಅರ್ಧಕ್ಕೆ ನಿಲ್ಲುವುದು, ಬೆಳಗಿನ ಜಾವ ಎಚ್ಚರವಾಗುವುದು, ಮುಂದಿನ ವಿಮಾನಕ್ಕಾಗಿ ಕಿವಿ ತಾನಾಗಿಯೇ ಕಾಯುವುದು ಇವೇ ಇವೆ.

ಹಾಗಾಗಿ ನಾನು ‘ಬಾಧೆ’ಯತ್ತ ವಾಲಿದ್ದೇನೆ. ಹಸಿವಿನ ಬಾಧೆ, ಕೀಟಬಾಧೆ ಎಂಬ ಬಳಕೆಗಳಲ್ಲಿ ಆ ಪದಕ್ಕೆ ತೂಕವೂ ಇದೆ, ಹೊರಗಿನ ಕಾರಣದಿಂದ ಒಳಗೆ ಆಗುವ ನೋವೆಂಬ ಅರ್ಥವೂ ಇದೆ. (‘ಜಲಬಾಧೆ’ಯ ನೆನಪಾಗಿ ಯಾರಾದರೂ ನಕ್ಕರೆ ನಗಲಿ.) ‘ಬಾಧಿತರು’ ಎಂಬ ರೂಪವೂ ಕೈಗೆ ಸಿಗುತ್ತದೆ. ‘ಸಂತ್ರಸ್ತರು’ ಎಂದೊಡನೆ ನೆರೆ, ಭೂಕಂಪಗಳು ನೆನಪಾಗುತ್ತವೆ. ‘ನಿರಾಶ್ರಿತರು’ ಎಂದರೆ ಮನೆ ಕಳೆದುಕೊಂಡವರು. ಸದ್ದಿನ ಕೆಳಗಿರುವವರು ಮನೆಯಲ್ಲಿಯೇ ಇದ್ದಾರೆ, ಅವರ ಕಷ್ಟವೇ ಅದು.

ಆದರೆ ಸಮೀಕ್ಷೆಯ ಪ್ರಶ್ನೆಗೆ ಬಂದಾಗ ‘ಬಾಧೆ’ಯೂ ತಡವರಿಸುತ್ತದೆ. ಪ್ರಶ್ನೆಯ ಅಂತರರಾಷ್ಟ್ರೀಯ ಮಾದರಿ ಹೆಚ್ಚುಕಡಿಮೆ ಹೀಗಿದೆ: ಕಳೆದ ಹನ್ನೆರಡು ತಿಂಗಳುಗಳಲ್ಲಿ ನೀವು ಮನೆಯಲ್ಲಿದ್ದಾಗ ವಿಮಾನಗಳ ಸದ್ದಿನಿಂದ ನಿಮಗೆ ಎಷ್ಟರಮಟ್ಟಿಗೆ ಹೀಗಾಯಿತು? ಉತ್ತರಕ್ಕೆ ಐದು ಮೆಟ್ಟಿಲುಗಳು. 2001ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಐದು ಮೆಟ್ಟಿಲುಗಳ ವಿಶೇಷಣಗಳನ್ನು ಜಪಾನಿ, ಟರ್ಕಿಶ್ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ, ಆಯಾ ಭಾಷೆಯವರಿಂದಲೇ ತೂಗಿಸಿ ಆರಿಸಿತ್ತು. ಮೆಟ್ಟಿಲುಗಳ ನಡುವಿನ ಅಂತರ ಆದಷ್ಟು ಸಮನಾಗಿರಬೇಕೆಂಬುದು ಅದರ ಆಶಯ. ಆ ಒಂಬತ್ತರಲ್ಲಿ ಕನ್ನಡವಿಲ್ಲ. ‘ಸ್ವಲ್ಪವೂ ಇಲ್ಲ’ ಮತ್ತು ‘ಸ್ವಲ್ಪ’ ಎಂಬ ಮೊದಲೆರಡು ಸರಿ. ನಡುವಿನದಕ್ಕೆ ‘ಸಾಕಷ್ಟು’ ಎಂದರೆ ಒಬ್ಬರು ಅದನ್ನು ‘ಮಿತವಾಗಿ’ ಎಂದೂ ಇನ್ನೊಬ್ಬರು ‘ಬೇಕಾದಷ್ಟು’ ಎಂದೂ ಓದುತ್ತಾರೆ. ‘ಮಧ್ಯಮ’ ಎಂದರೆ ಪರೀಕ್ಷೆಯ ಫಲಿತಾಂಶದಂತೆ ಕೇಳುತ್ತದೆ. ‘ಬಹಳ’ ಮತ್ತು ‘ವಿಪರೀತ’ಗಳ ನಡುವೆ ಅಂತರವಿದೆ ಎಂದು ನನಗೆ ಅನ್ನಿಸುತ್ತದೆ, ಆದರೆ ‘ವಿಪರೀತ’ವನ್ನು ಮೂಲಾರ್ಥದಲ್ಲಿಯೇ, ಅಂದರೆ ವಿರುದ್ಧ ಎಂದೇ ಓದುವ ಹಿರಿಯರೂ ಇದ್ದಾರೆ. ಇನ್ನು, ‘ಎಷ್ಟು ಬಾಧೆಯಾಯಿತು’ ಎಂದು ಕೇಳಿದರೆ ಕಾಯಿಲೆಯ ಬಗ್ಗೆ ಕೇಳಿದಂತಾಗಿ, ಉತ್ತರಗಳು ಕೆಳಗಿನ ಮೆಟ್ಟಿಲುಗಳಿಗೇ ಸರಿಯಬಹುದು.

ಉಳಿದ ಎರಡು ಪದಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ನಕ್ಷೆಯಲ್ಲಿ ಒಂದೇ ಮಟ್ಟದ ಸದ್ದಿರುವ ಸ್ಥಳಗಳನ್ನು ಜೋಡಿಸುವ ಗೆರೆಗೆ, ಭೂಗೋಳ ಪಠ್ಯಗಳ ಸಮೋನ್ನತ ರೇಖೆ, ಸಮಭಾರ ರೇಖೆಗಳ ಹಾದಿಯಲ್ಲಿ ‘ಸಮಶಬ್ದ ರೇಖೆ’ ಎಂದು ಇಟ್ಟಿದ್ದೇನೆ. ಅದನ್ನು ‘ಗಡಿ’ ಎಂದು ಕರೆಯಬಾರದು. ಯುರೋಪಿನ ಲೆಕ್ಕದಲ್ಲಿ ಸಂಜೆಯ ಸದ್ದಿಗೆ 5, ರಾತ್ರಿಯದಕ್ಕೆ 10 ಡೆಸಿಬಲ್ ಸೇರಿಸಿ ಇಡೀ ವರ್ಷಕ್ಕೆ ತೆಗೆದ ಸರಾಸರಿಯಿಂದ ಆ ಗೆರೆ ಹುಟ್ಟುತ್ತದೆ. ಆ ಸರಾಸರಿಯನ್ನು ಯಾರ ಕಿವಿಯೂ ಕೇಳಿರುವುದಿಲ್ಲ, ಗೆರೆಯ ಹೊರಗೆ ಸದ್ದು ನಿಲ್ಲುವುದೂ ಇಲ್ಲ.

‘ವಿಸ್ತರಣೆ’ ಎಂಬುದು ಕನ್ನಡದಲ್ಲಿ ನೆಲವನ್ನೇ ನೆನಪಿಸುತ್ತದೆ. ಭೂಸ್ವಾಧೀನವಿಲ್ಲವೆಂದರೆ ವಿಸ್ತರಣೆಯೂ ಇಲ್ಲವೆಂದು ಓದುವವರು ತಿಳಿಯುತ್ತಾರೆ. ಆದರೆ ಇರುವ ರನ್‌ವೇಯಲ್ಲಿಯೇ ಹಾರಾಟಗಳನ್ನು ಹೆಚ್ಚಿಸಬಹುದು. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಐದನೆಯ ಟರ್ಮಿನಲ್‌ಗೆ ಅನುಮತಿ ಸಿಕ್ಕಾಗ ಹಾಕಿದ ಷರತ್ತು, ವರ್ಷಕ್ಕೆ 4,80,000 ಹಾರಾಟಗಳೆಂಬ ಮಿತಿ, ಎಕರೆಗಳ ಲೆಕ್ಕವಲ್ಲ. ಆದ್ದರಿಂದ ‘ಹಾರಾಟ ಹೆಚ್ಚಳ’ವನ್ನು ಪಟ್ಟಿಯಲ್ಲಿ ಬೇರೆಯೇ ಪದವಾಗಿ ಸೇರಿಸಿದ್ದೇನೆ.

ನನ್ನ ಪ್ರಶ್ನೆ ಹೀಗಿದೆ. ಆಕ್ಷೇಪಣೆಯ ಬರಹದಲ್ಲಿ ‘ಬಾಧೆ’ಯನ್ನೂ ಸಮೀಕ್ಷೆಯ ಪ್ರಶ್ನೆಯಲ್ಲಿ ‘ಕಿರಿಕಿರಿ’ಯನ್ನೂ ಬಳಸಿ, ಎರಡೂ ಒಂದೇ ಪರಿಕಲ್ಪನೆಗೆ ಸಲ್ಲುತ್ತವೆ ಎಂದು ಪಟ್ಟಿಯಲ್ಲಿ ಸೂಚಿಸುವುದು ಒಪ್ಪಿತವೇ? ಅಥವಾ ‘ರೋಸಿಹೋಗು’ ಎಂಬ ಕ್ರಿಯಾಪದದಿಂದ ಎರಡೂ ಕಡೆಗೆ ಹೊಂದುವ ರೂಪವನ್ನು ಪಡೆಯಬಹುದೇ? ಒಂದು ಸಲದ ದೊಡ್ಡ ಸದ್ದಿಗಲ್ಲದೆ ಪದೇ ಪದೇ ಮರುಕಳಿಸುವುದಕ್ಕೇ ಅದು ಸಲ್ಲುತ್ತದೆ ಎಂಬುದು ಅದರ ಗುಣ. ನಾಮಪದವಾಗಲು ಒಲ್ಲದಿರುವುದು ಅದರ ತೊಂದರೆ. ಐದು ಮೆಟ್ಟಿಲುಗಳ ನಡುವಿನದಕ್ಕೆ ನಿಮ್ಮ ಕಡೆಯ ಮಾತಿನಲ್ಲಿ ಯಾವ ಪದ ಸಹಜವಾಗಿ ಬರುತ್ತದೆ ಎಂಬುದನ್ನೂ ಉದಾಹರಣೆಯ ವಾಕ್ಯದೊಡನೆ ತಿಳಿಸಿದರೆ ಉಪಕಾರವಾಗುತ್ತದೆ.