ಹಾರ್ಮೋನ್ ಚಿಕಿತ್ಸೆ: 2002ರ ಎಚ್ಚರಿಕೆ ಯಾರಿಗೆ ಅನ್ವಯ?

ತುಂಗಾತೀರ:
ಮುಟ್ಟು ನಿಲ್ಲುವ ಕಾಲದಲ್ಲಿ ಕೊಡುವ ಹಾರ್ಮೋನ್ ಔಷಧಗಳ ಮಾಹಿತಿ ಪತ್ರದಲ್ಲಿ ಎರಡು ದಶಕಗಳಿಂದ ಕಪ್ಪು ಚೌಕಟ್ಟಿನೊಳಗೆ ಅಚ್ಚಾಗುತ್ತಿದ್ದ ಎಚ್ಚರಿಕೆಯನ್ನು ಬಹುಮಟ್ಟಿಗೆ ತೆಗೆಸುವುದಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆ ಎಚ್ಚರಿಕೆಯ ಮೂಲ ಅಲ್ಲಿಯ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಬೃಹತ್ ಅಧ್ಯಯನ. ಗರ್ಭಕೋಶವಿದ್ದ 16,608 ಮಹಿಳೆಯರಲ್ಲಿ ಒಂದು ಗುಂಪಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆಯನ್ನೂ ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಟ್ಟು ಎಂಟೂವರೆ ವರ್ಷ ನೋಡಬೇಕೆಂದಿದ್ದ ಆ ಪ್ರಯೋಗವನ್ನು, ಸ್ತನ ಕ್ಯಾನ್ಸರ್ ಮತ್ತು ಹೃದಯದ ತೊಂದರೆಗಳು ಹೆಚ್ಚಿದವೆಂಬ ಕಾರಣಕ್ಕೆ 2002ರ ಜುಲೈನಲ್ಲಿ, ಸರಾಸರಿ 5.2 ವರ್ಷಕ್ಕೇ ನಿಲ್ಲಿಸಲಾಯಿತು. ‘ಸ್ತನ ಕ್ಯಾನ್ಸರ್ ಶೇ. 26 ಹೆಚ್ಚಳ’ ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿ, ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು. ವೈದ್ಯರೂ ಬರೆಯುವುದನ್ನು ಬಿಟ್ಟರು.

ನನ್ನ ವಾದವಿಷ್ಟು. ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಮೂವರಲ್ಲಿ ಇಬ್ಬರು 60 ದಾಟಿದವರು. ಮೈ ಬಿಸಿಯೇರಿ ಬೆವರುವ, ರಾತ್ರಿ ನಿದ್ದೆಯಿಲ್ಲದೆ ಹೊರಳಾಡುವ 48ರ ಹೆಣ್ಣಿಗೆ ಈ ಔಷಧ ಕೊಡಬಹುದೇ ಎಂದು ಅಲ್ಲಿ ಯಾರೂ ಕೇಳಿರಲೇ ಇಲ್ಲ. ವಯಸ್ಸಾದವರಲ್ಲಿ ಹೃದ್ರೋಗವನ್ನು ಮುಂಚಿತವಾಗಿ ತಡೆಯಬಹುದೇ ಎಂಬುದು ಅಲ್ಲಿದ್ದ ಪ್ರಶ್ನೆ. ಅದಕ್ಕೆ ಸಿಕ್ಕ ‘ಇಲ್ಲ’ ಎಂಬ ಉತ್ತರವನ್ನು ಎಲ್ಲ ವಯಸ್ಸಿನವರ ಮೇಲೂ ಹೇರಿದ್ದರಿಂದ ಒಂದು ತಲೆಮಾರಿನ ಹೆಂಗಸರು ಸುಮ್ಮನೆ ನರಳಿದರು.

ಸಂಪಿಗೆ:
ಮುಟ್ಟು ನಿಲ್ಲುವುದು ರೋಗವಲ್ಲ. ನಮ್ಮ ಅಜ್ಜಿಯರು ಯಾವ ಮಾತ್ರೆಯೂ ಇಲ್ಲದೆ ಆ ಕಾಲವನ್ನು ದಾಟಿದರು. ಬಸುರಿ ಕುದುರೆಗಳ ಮೂತ್ರದಿಂದ ತೆಗೆದ ಹಾರ್ಮೋನನ್ನು ನುಂಗುವುದಕ್ಕಿಂತ ಊಟ, ನಡಿಗೆಗಳನ್ನು ಸರಿಪಡಿಸಿಕೊಳ್ಳುವುದು ಮೇಲು.

ಲೆಕ್ಕದ ಮೇಷ್ಟ್ರು:
ತುಂಗಾತೀರ ಅವರೇ, ಶೇ. 26 ಎಂಬ ಅಂಕಿಯ ಒಳಗೇನಿದೆ ಎಂಬುದನ್ನು ಮೊದಲು ನೋಡೋಣ. ಹುಸಿ ಮಾತ್ರೆ ತೆಗೆದುಕೊಂಡ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಕಂಡರೆ, ಔಷಧ ತೆಗೆದುಕೊಂಡವರಲ್ಲಿ 38 ಮಂದಿಗೆ ಕಂಡಿತು. ಅಂದರೆ ಹತ್ತು ಸಾವಿರಕ್ಕೆ ಎಂಟು ಹೆಚ್ಚು. ಪಾರ್ಶ್ವವಾಯು ಎಂಟು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಎಂಟು, ಹೃದಯಾಘಾತದಂಥವು ಏಳು ಹೆಚ್ಚಿದವು. ಸೊಂಟದ ಮೂಳೆ ಮುರಿತ ಐದು, ದೊಡ್ಡ ಕರುಳಿನ ಕ್ಯಾನ್ಸರ್ ಆರು ಕಡಿಮೆಯಾದವು. ಪತ್ರಿಕೆಗಳು ಶೇಕಡಾವಾರನ್ನಷ್ಟೇ ಹಿಡಿದು ಕೂಗಿದ್ದು ನಿಜ, ಅದನ್ನು ನಾನು ಒಪ್ಪುತ್ತೇನೆ.

ಆದರೆ ‘ಬೇಗ ಆರಂಭಿಸಿದರೆ ಅಪಾಯವೇ ಇಲ್ಲ’ ಎಂದು ಈಗ ಕೇಳಿಬರುತ್ತಿರುವ ಮಾತನ್ನು ನಾನು ಒಪ್ಪಲಾರೆ. ಮುಟ್ಟು ನಿಂತ ಕೂಡಲೇ ಆರಂಭಿಸಿದರೆ ಹೃದಯಕ್ಕೆ ಒಳಿತು ಎಂಬ ವಾದಕ್ಕೆ 2016ರಲ್ಲಿ ಪ್ರಕಟವಾದ ‘ಎಲೈಟ್’ ಪ್ರಯೋಗವನ್ನು ಪದೇಪದೇ ಉಲ್ಲೇಖಿಸುತ್ತಾರೆ. ಅಲ್ಲಿ ಅಳೆದದ್ದು ಕುತ್ತಿಗೆಯ ರಕ್ತನಾಳದ ಗೋಡೆ ಎಷ್ಟು ದಪ್ಪವಾಯಿತೆಂಬುದನ್ನೇ ಹೊರತು ಎಷ್ಟು ಮಂದಿಗೆ ಹೃದಯಾಘಾತವಾಯಿತೆಂಬುದನ್ನಲ್ಲ. ಇನ್ನು ಸ್ತನ ಕ್ಯಾನ್ಸರಿಗೆ ಬಂದರೆ, 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಸಮಗ್ರ ವಿಶ್ಲೇಷಣೆಯ ಪ್ರಕಾರ, 50ನೇ ವಯಸ್ಸಿನಲ್ಲಿ ಆರಂಭಿಸಿ ಐದು ವರ್ಷ ದಿನವೂ ಎರಡೂ ಹಾರ್ಮೋನ್ ತೆಗೆದುಕೊಂಡ ಸುಮಾರು 50 ಮಹಿಳೆಯರಲ್ಲಿ ಒಬ್ಬರಿಗೆ, ಮುಂದಿನ ವರ್ಷಗಳಲ್ಲಿ, ಇಲ್ಲದಿದ್ದರೆ ಬಾರದಿದ್ದ ಸ್ತನ ಕ್ಯಾನ್ಸರ್ ಬರುತ್ತದೆ. ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಸುಮಾರು 200ರಲ್ಲಿ ಒಬ್ಬರಿಗೆ. ಇವರೆಲ್ಲ 63ರವರಲ್ಲ, 50ರವರು. ಹಿಂದೊಮ್ಮೆಯೂ ಹೀಗೇ ಆಗಿತ್ತು. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದ ಅಮೆರಿಕದ ನರ್ಸ್‌ಗಳಲ್ಲಿ ಹೃದ್ರೋಗ ಕಡಿಮೆ ಎಂದು ಹಲವು ವರ್ಷಗಳ ವೀಕ್ಷಣೆ ಹೇಳಿತ್ತು. ಆದರೆ ಮಾತ್ರೆ ಕೇಳಿ ಪಡೆಯುತ್ತಿದ್ದವರು ಮೊದಲೇ ಹೆಚ್ಚು ಆರೋಗ್ಯವಂತರೂ ಅನುಕೂಲಸ್ಥರೂ ಆಗಿದ್ದರು. ಆ ಹುರುಪನ್ನು ಇಳಿಸಲಿಕ್ಕೇ 2002ರ ಪ್ರಯೋಗ ಬೇಕಾಯಿತು.

ಹೆರಿಗೆ ವಾರ್ಡು:
ನಾನು ಸ್ತ್ರೀರೋಗ ತಜ್ಞೆ. ಮೇಷ್ಟ್ರ ಲೆಕ್ಕ ಸರಿಯಾಗಿದೆ, ಆದರೆ ಅವರು ಕೊನೆಗೆ ಹೇಳಿ ಬಿಟ್ಟುಬಿಟ್ಟ ಈಸ್ಟ್ರೋಜನ್ ಒಂದರ ವಿಷಯದಲ್ಲೇ ಚರ್ಚೆಯ ತಿರುಳಿದೆ. ಗರ್ಭಕೋಶವಿರುವ ಹೆಣ್ಣಿಗೆ ಬರೀ ಈಸ್ಟ್ರೋಜನ್ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರ್ ಆಗಬಹುದೆಂದು 1975ರಲ್ಲೇ ಗೊತ್ತಾಯಿತು. ಅದನ್ನು ತಡೆಯಲೆಂದೇ ಪ್ರೊಜೆಸ್ಟಿನ್ ಸೇರಿಸಿದರು. ಗರ್ಭಕೋಶ ತೆಗೆದವರಿಗೆ ಅದರ ಅಗತ್ಯವಿಲ್ಲ. ಅದೇ ಅಧ್ಯಯನದಲ್ಲಿ ಅಂಥ 10,739 ಮಹಿಳೆಯರಿಗೆ ಪ್ರತ್ಯೇಕ ಪ್ರಯೋಗ ನಡೆದಿತ್ತು. ಪಾರ್ಶ್ವವಾಯು ಹೆಚ್ಚಿದ್ದರಿಂದ 2004ರಲ್ಲಿ ಅದನ್ನೂ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಮಾತ್ರ ಅಲ್ಲಿ ಹೆಚ್ಚಲಿಲ್ಲ. 2020ರ ದೀರ್ಘಾವಧಿಯ ವರದಿಯಲ್ಲಿ ಹುಸಿ ಮಾತ್ರೆಯವರಿಗಿಂತ ಕಡಿಮೆಯೇ ಇತ್ತು. ಲ್ಯಾನ್ಸೆಟ್ ವಿಶ್ಲೇಷಣೆಗೂ ಇದಕ್ಕೂ ಹೊಂದಾಣಿಕೆಯಿಲ್ಲ, ಆ ಜಗಳ ಇನ್ನೂ ಮುಗಿದಿಲ್ಲ. ಆದರೂ 2002ರ ಸುದ್ದಿ ಎರಡು ಗುಂಪುಗಳನ್ನೂ ಒಂದೇ ಕಪ್ಪು ಚೌಕಟ್ಟಿಗೆ ಹಾಕಿತು. ಯೋನಿಯ ಒಣಗುವಿಕೆಗೆ ಹಚ್ಚುವ, ರಕ್ತಕ್ಕೆ ಸೇರುವುದೇ ಅತ್ಯಲ್ಪವಾದ ಕ್ರೀಮಿನ ಪತ್ರದಲ್ಲೂ ಅದೇ ಎಚ್ಚರಿಕೆ ಇತ್ತು; ಅದನ್ನು ಓದಿ ಹೆದರಿ ಟ್ಯೂಬನ್ನು ತೆರೆಯದೆಯೇ ವಾಪಸು ತಂದವರನ್ನು ನಾನು ನೋಡಿದ್ದೇನೆ.

ಸಂಪಿಗೆಯವರೇ, ಕುದುರೆಯ ಮಾತು ಹಳೆಯ ಮಾತ್ರೆಗೆ ಸಲ್ಲುತ್ತದೆ. ಈಗ ನಾವು ಬರೆಯುವುದು ಬಹುಪಾಲು ಎಸ್ಟ್ರಾಡಿಯೋಲ್, ನಮ್ಮ ಅಂಡಾಶಯ ತಯಾರಿಸುವ ಹಾರ್ಮೋನೇ. ಜೆಲ್ ಆಗಿ ಚರ್ಮಕ್ಕೆ ಹಚ್ಚಿದರೆ ಅದು ಮೊದಲು ಯಕೃತ್ತಿಗೆ ಹೋಗುವುದಿಲ್ಲವಾದ್ದರಿಂದ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಮಾತ್ರೆಯಲ್ಲಿ ಏರುವಷ್ಟು ಏರುವುದಿಲ್ಲ.

ಕಲಬುರಗಿ ಸಿಸ್ಟರ್:
ಡಾಕ್ಟರ್ ಮೇಡಂ, ತಾವು ಗರ್ಭಕೋಶ ತೆಗೆದವರ ಮಾತು ಎತ್ತಿದ್ದರಿಂದ ಬರೆಯುತ್ತಿದ್ದೇನೆ. ನೀವೆಲ್ಲ 50 ಮತ್ತು 63ರ ನಡುವೆ ವಾದ ಮಾಡುತ್ತಿದ್ದೀರಿ. ನಮ್ಮ ಕಡೆಯ ತಾಂಡಾಗಳಲ್ಲಿ ‘ಚೀಲ ತೆಗೆಸಿಕೊಂಡವರು’ ಮೂವತ್ತು, ಮೂವತ್ತೈದರವರು. ಬಿಳಿ ಹೋಗುತ್ತದೆ, ಹೊಟ್ಟೆ ನೋಯುತ್ತದೆ ಎಂದು ಹೋದವರಿಗೆ ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣಗಳು ಈ ಜಿಲ್ಲೆಯಲ್ಲಿ 2015ರ ಹೊತ್ತಿಗೆ ದೊಡ್ಡ ಸುದ್ದಿಯಾದವು. ಇಂಥ ಅನಗತ್ಯ ಶಸ್ತ್ರಚಿಕಿತ್ಸೆಗಳ ವಿಷಯದಲ್ಲಿ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶ ಮಾಡಿತು.

ನಾನು ನೋಡಿದ ಒಬ್ಬಾಕೆಗೆ ಆಗ 34 ವರ್ಷ. ಮೊಣಕಾಲು ನೋವು, ಮೈಯಲ್ಲಿ ಬೆಂಕಿ ಹತ್ತಿದ ಹಾಗೆ ಆಗುತ್ತದೆ ಎಂದು ಬಂದಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟಿದ್ದ ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಟಿ.ಎ.ಎಚ್.’ ಎಂದು ಬರೆದು, ಅದರ ಪಕ್ಕದಲ್ಲಿ ಸಣ್ಣದಾಗಿ ‘ಬಿ.ಎಸ್.ಓ.’ ಎಂದಿತ್ತು. ಮೊದಲನೆಯದೆಂದರೆ ಗರ್ಭಕೋಶ ತೆಗೆದಿದ್ದಾರೆ. ಎರಡನೆಯದೆಂದರೆ ಎರಡೂ ಅಂಡಾಶಯಗಳನ್ನೂ ತೆಗೆದಿದ್ದಾರೆ. ಅದು ಆಕೆಗೆ ಗೊತ್ತೇ ಇರಲಿಲ್ಲ. ಹಾರ್ಮೋನ್ ಕೊಡಬಹುದೇ ಎಂದು ನಾನು ಕೇಳಿದಾಗ, ಅಲ್ಲಿದ್ದ ವೈದ್ಯರು ‘ಅದೆಲ್ಲ ಕ್ಯಾನ್ಸರ್ ತರುತ್ತದೆ’ ಎಂದು ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸಿದರು.

ಸಂಪಿಗೆ:
ಸಿಸ್ಟರ್, ಈ ವಯಸ್ಸಿನವರ ಬಗ್ಗೆ ನಾನು ಬರೆದದ್ದಲ್ಲ. ತಾನಾಗಿ ನಿಲ್ಲುವುದಕ್ಕೂ ಕತ್ತರಿಸಿ ನಿಲ್ಲಿಸುವುದಕ್ಕೂ ಅಜಗಜಾಂತರವಿದೆ.

ಹೆರಿಗೆ ವಾರ್ಡು:
ಸಿಸ್ಟರ್ ಹೇಳಿದ ಪ್ರಕರಣದಲ್ಲಿ ಆ ವೈದ್ಯರು 2002ರ ಫಲಿತಾಂಶವನ್ನು ಮೂರು ಬಗೆಯಲ್ಲಿ ತಪ್ಪಾಗಿ ಅನ್ವಯಿಸಿದ್ದಾರೆ. ವಯಸ್ಸು ಬೇರೆ, ಔಷಧ ಬೇರೆ, ಉದ್ದೇಶವೂ ಬೇರೆ. ನಮ್ಮ ದೇಶದಲ್ಲಿ ಮುಟ್ಟು ತಾನಾಗಿ ನಿಲ್ಲುವ ಸರಾಸರಿ ವಯಸ್ಸು 46–47. 34ಕ್ಕೇ ಅಂಡಾಶಯ ಕಳೆದುಕೊಂಡವಳಿಗೆ ಈಸ್ಟ್ರೋಜನ್ ಕೊಡುವುದೆಂದರೆ ದೇಹದಲ್ಲಿ ಇರಬೇಕಾಗಿದ್ದುದನ್ನು ತುಂಬಿಕೊಡುವುದು. ಕೊಡದಿದ್ದರೆ ಮೂಳೆ ಬೇಗ ಸವೆಯುತ್ತದೆ, ಹೃದ್ರೋಗದ ಸಂಭವವೂ ಏರುತ್ತದೆ. ಆದ್ದರಿಂದಲೇ, ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಕೊಡಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳೆಲ್ಲ ಹೇಳುತ್ತವೆ. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದವರಲ್ಲೂ ಅಂಡಾಶಯದ ಕೆಲಸ ತುಸು ಬೇಗ ಮುಗಿಯುತ್ತದೆ. ಮುಟ್ಟೇ ಇಲ್ಲದ್ದರಿಂದ ಅದು ನಿಂತಿತೆಂದು ತಿಳಿಯುವ ದಾರಿಯೂ ಅವರಿಗಿರುವುದಿಲ್ಲ.

ಲೆಕ್ಕದ ಮೇಷ್ಟ್ರು:
ಇಲ್ಲಿ ನನ್ನ ತಕರಾರಿಲ್ಲ, ಒಂದು ಷರತ್ತಿದೆ. ಪ್ರಯೋಗಕ್ಕೆ ಸೇರಿದವರೆಲ್ಲ 50ರಿಂದ 79ರೊಳಗಿನವರಾದ್ದರಿಂದ, 34ರ ಹೆಣ್ಣಿಗೆ ಅದು ಅಪಾಯವನ್ನೂ ತೋರಿಸುವುದಿಲ್ಲ, ಅಭಯವನ್ನೂ ಕೊಡುವುದಿಲ್ಲ. ಈಸ್ಟ್ರೋಜನ್ ಒಂದೇ ಆದರೆ ಕ್ಯಾನ್ಸರ್ ಕಡಿಮೆ ಎಂಬ ಅಂಕಿಯನ್ನು ಅವಳ ಮುಂದಿಡಬೇಡಿ. ಎಳೆಯ ವಯಸ್ಸಿನಲ್ಲಿ ಅಂಡಾಶಯ ತೆಗೆದವರನ್ನೇ ಹಿಂಬಾಲಿಸಿದ ಅಧ್ಯಯನಗಳ ಬಲದಿಂದ ವಾದಿಸಿ.

ತುಂಗಾತೀರ:
ಒಪ್ಪಿದೆ. ಆದರೆ 50ರ ಆಸುಪಾಸಿನವರಿಗೂ ಎಚ್ಚರಿಕೆಯನ್ನು ಮೊದಲಿನಂತೆಯೇ ಉಳಿಸಬೇಕಿತ್ತು ಎಂಬುದನ್ನು ಒಪ್ಪಲಾರೆ, ಮೇಷ್ಟ್ರೇ. ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ನದೇ, 2017ರಲ್ಲಿ ಪ್ರಕಟವಾದ 18 ವರ್ಷಗಳ ಲೆಕ್ಕದಲ್ಲಿ ಹಾರ್ಮೋನ್ ಪಡೆದವರ ಸಾವು ಶೇ. 27.1, ಹುಸಿ ಮಾತ್ರೆಯವರದು ಶೇ. 27.6. ವ್ಯತ್ಯಾಸವೇ ಇಲ್ಲ.

ಲೆಕ್ಕದ ಮೇಷ್ಟ್ರು:
ಚೌಕಟ್ಟಿನ ಮಾತುಗಳನ್ನು ತಿದ್ದಬಹುದಿತ್ತು, ತೆಗೆಯಬೇಕಾಗಿರಲಿಲ್ಲ. ಸಾವು ಸಮನಾದರೂ ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದು ಬದುಕಿದವಳ ಪಾಡು ಆ ಎರಡು ಶೇಕಡಾವಾರುಗಳಲ್ಲಿ ಕಾಣುವುದಿಲ್ಲ.

ಕಲಬುರಗಿ ಸಿಸ್ಟರ್:
ಮೇಡಂ, ಆಕೆಗೆ ಈಗ 38. ನಾಲ್ಕು ವರ್ಷ ಏನೂ ತೆಗೆದುಕೊಂಡಿಲ್ಲ. ಈಗ ಆರಂಭಿಸಬಹುದೇ? ಮೊದಲು ಏನು ನೋಡಬೇಕು?

ಹೆರಿಗೆ ವಾರ್ಡು:
ಖಂಡಿತ ಆರಂಭಿಸಬಹುದು. ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತೇ, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಪಾರ್ಶ್ವವಾಯು, ಹೃದಯಾಘಾತ ಅಥವಾ ಯಕೃತ್ತಿನ ಕಾಯಿಲೆ ಇದೆಯೇ ಎಂದು ವಿಚಾರಿಸಿ ಬರೆದುಕೊಳ್ಳಿ. ರಕ್ತದೊತ್ತಡ ನೋಡಿ, ಸ್ತನಗಳ ತಪಾಸಣೆ ಮಾಡಿಸಿ. ಆ ಡಿಸ್ಚಾರ್ಜ್ ಕಾರ್ಡಿನ ಜೊತೆಗೆ, ತೆಗೆದ ಭಾಗದ ಪ್ರಯೋಗಾಲಯ ವರದಿ ಸಿಕ್ಕಿದರೆ ಅದನ್ನೂ ತರಲು ಹೇಳಿ. ಗರ್ಭಕೋಶದ ಒಳಪದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂದು ಅದರಲ್ಲಿದ್ದರೆ, ಗರ್ಭಕೋಶ ಇಲ್ಲದಿದ್ದರೂ ಪ್ರೊಜೆಸ್ಟರಾನ್ ಸೇರಿಸಬೇಕೇ ಎಂದು ಯೋಚಿಸಬೇಕಾಗುತ್ತದೆ.